ಚಳಿಗಿಂತ ಒದ್ದೆಯ ಕಾಟವೇ ಜಾಸ್ತಿ

ನೀವು ಕೇಳಿದ್ದು ಇಷ್ಟು: ಕೆನಡಾಕ್ಕೆ ಬಂದು ಮೂರು ತಿಂಗಳಾಗಿದೆ. ಎಡ್ಮಂಟನ್ ಹತ್ತಿರ ಕೆಲಸ ಸಿಕ್ಕಿದೆ. ಮನೆ ಬಾಡಿಗೆ ಕೈಗೆಟುಕುತ್ತಿಲ್ಲ. ಹಳೇ ಕ್ಯಾಂಪರ್ ಟ್ರೇಲರ್ ಒಂದು, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ, ಮಾರಾಟಕ್ಕಿದೆ. ಗಂಡ ಹೆಂಡತಿ ಇಬ್ಬರೂ ಈ ಚಳಿಗಾಲವನ್ನು ಅದರಲ್ಲೇ ಕಳೆಯಬಹುದಾ? ಒಳ್ಳೇ ಹೀಟರ್ ಇದ್ದರೆ ಸಾಕಲ್ವಾ?

ಕಳೆಯಬಹುದು. ನಾವೂ ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಚಳಿಗಾಲ ಹಾಗೇ ಕಳೆದವರು. ಮೈನಸ್ 30ರ ರಾತ್ರಿಗಳನ್ನೂ ಕಂಡಿದ್ದೇವೆ. ಆದರೆ ಹೀಟರ್ ಇದ್ದರೆ ಸಾಕು ಅಂತ ನಾನೂ ನಂಬಿದ್ದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಪರಿಚಯದವರೊಬ್ಬರ ಜಮೀನಿನಲ್ಲಿ ನಮ್ಮ ಟ್ರೇಲರ್ ನಿಂತಿತ್ತು. ಕರೆಂಟ್ ಇರಲಿಲ್ಲ. ಸೋಲಾರ್ ಇದೆಯಲ್ಲ ಅನ್ನೋ ಧೈರ್ಯ. ಡಿಸೆಂಬರ್‌ನ ಒಂದು ರಾತ್ರಿ ಮೂರು ಗಂಟೆಗೆ ಫರ್ನೇಸಿನ, ಅಂದರೆ ಟ್ರೇಲರಿನ ಗ್ಯಾಸ್ ಹೀಟರಿನ, ಫ್ಯಾನ್ ಸದ್ದು ನಿಂತಿದ್ದಕ್ಕೇ ನನಗೆ ಎಚ್ಚರವಾಯಿತು. ಗ್ಯಾಸ್ ಮುಗಿದಿರಬೇಕು ಅಂದುಕೊಂಡು ಹೊರಗೆ ಹೋಗಿ ಸಿಲಿಂಡರ್ ಎತ್ತಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಇತ್ತು. ಕೈಕೊಟ್ಟಿದ್ದು ಬ್ಯಾಟರಿ. ಉರಿಯುವುದು ಗ್ಯಾಸ್ ಆದರೂ ಬಿಸಿಗಾಳಿ ತಳ್ಳುವ ಫ್ಯಾನಿಗೆ 12 ವೋಲ್ಟ್ ಕರೆಂಟ್ ಬೇಕು. ಫ್ಯಾನ್ ತಿರುಗದಿದ್ದರೆ ಫರ್ನೇಸ್ ಹೊತ್ತಿಕೊಳ್ಳುವುದೇ ಇಲ್ಲ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಗೆ ಮೈನಸ್ 18ರಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿಯೇ ಉಳಿಯುತ್ತದೆ. ಲಿಥಿಯಂ ತರೋಣ ಅಂದರೆ ಅದನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಇನ್ನು ಸೋಲಾರ್! ಎಡ್ಮಂಟನ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ಇರುವುದೇ ಏಳೂವರೆ ಗಂಟೆ. ಸೂರ್ಯ ಮೇಲಕ್ಕೇ ಬರುವುದಿಲ್ಲ, ಪ್ಯಾನೆಲ್ ಮೇಲೆ ಹಿಮ ಬೇರೆ. ಉಳಿದ ರಾತ್ರಿಯನ್ನು ಕಾರಿನಲ್ಲಿ ಎಂಜಿನ್ ಹಾಕಿಕೊಂಡು ಕಳೆದೆವು. ಎಕ್ಸಾಸ್ಟ್ ಪೈಪಿಗೆ ಹಿಮ ಮುಚ್ಚಿಕೊಂಡಿದೆಯಾ ಅಂತ ಅರ್ಧ ಗಂಟೆಗೊಮ್ಮೆ ಇಳಿದು ನೋಡುತ್ತಿದ್ದೆ.

ಆದ್ದರಿಂದ ಕರೆಂಟ್ ಕನೆಕ್ಷನ್ ಇರುವ ಜಾಗ ಸಿಗುವವರೆಗೆ ಟ್ರೇಲರಿಗೆ ದುಡ್ಡು ಕೊಡಬೇಡಿ. ಟ್ರೇಲರ್ ನಿಲ್ಲಿಸಲು ಬಾಡಿಗೆಗೆ ಜಾಗ ಕೊಡುವ ಬೇಸಿಗೆಯ ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳು ಚಳಿ ಶುರುವಾಗುವ ಮೊದಲೇ ಬಾಗಿಲು ಹಾಕುತ್ತವೆ. ವರ್ಷಪೂರ್ತಿ ತೆರೆದಿರುತ್ತದೆಯಾ ಅಂತ ಬಾಯಿಬಿಟ್ಟು ಕೇಳಿ.

ಗ್ಯಾಸಿನ ಲೆಕ್ಕವನ್ನೂ ಹಾಕಿಕೊಳ್ಳಿ. ಟ್ರೇಲರಿನ ಮುಂದೆ ಇರುವ 20 ಪೌಂಡಿನ ಸಿಲಿಂಡರಿನಲ್ಲಿ ಸುಮಾರು 9 ಕಿಲೋ ಪ್ರೊಪೇನ್ ಗ್ಯಾಸ್ ಹಿಡಿಯುತ್ತದೆ. ಗಂಟೆಗೆ 30,000 ಬಿಟಿಯು (ಬಿಟಿಯು ಅಂದರೆ ಶಾಖದ ಅಳತೆ) ಗ್ಯಾಸ್ ಉರಿಸುವ ಫರ್ನೇಸ್ ನಿಲ್ಲದೆ ಉರಿದರೆ ಅದು 14 ಗಂಟೆಯಲ್ಲಿ ಖಾಲಿ. ಕೊರೆಯುವ ಚಳಿಯಲ್ಲಿ ಫರ್ನೇಸ್ ನಿಲ್ಲುವುದೇ ಅಪರೂಪ. ಕೆಲಸದಿಂದ ಬಂದ ಮೇಲೆ ದಿನಾ ಸಿಲಿಂಡರ್ ತುಂಬಿಸಲು ಓಡುವುದು ಯಾರಿಗೆ ಬೇಕು? ದೊಡ್ಡ ಸಿಲಿಂಡರ್ ತಂದು ನಿಲ್ಲಿಸುವ ಏರ್ಪಾಡು ಇದ್ದರೆ ಬದುಕಿದಿರಿ.

ಈಗ ಒದ್ದೆಯ ವಿಷಯ. ಚಳಿಗೆ ಎಲ್ಲರೂ ತಯಾರಾಗಿ ಬರುತ್ತಾರೆ, ಒದ್ದೆಗೆ ಯಾರೂ ತಯಾರಾಗಿರುವುದಿಲ್ಲ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರು ಹುಟ್ಟುತ್ತದೆ. ಟ್ರೇಲರಿನ ಫರ್ನೇಸ್ ಅದನ್ನು ಹೊಗೆಯ ಜೊತೆ ಹೊರಗೆ ಕಳಿಸುತ್ತದೆ. ಆದರೆ ಅಡುಗೆ ಒಲೆ ಮತ್ತು ಒಳಗೇ ಉರಿಯುವ ಸಣ್ಣ ಗ್ಯಾಸ್ ಹೀಟರುಗಳು ಎಲ್ಲವನ್ನೂ ನಿಮ್ಮ ಕೋಣೆಗೇ ಬಿಡುತ್ತವೆ. ಅದರ ಮೇಲೆ ಇಬ್ಬರ ಉಸಿರು, ಸ್ನಾನ, ಒಣಗಲು ಹಾಕಿದ ಬಟ್ಟೆ. ಅಷ್ಟು ಆವಿ ಎಲ್ಲಿಗೆ ಹೋಗಬೇಕು? ತಣ್ಣಗಿರುವ ಗೋಡೆ ಹುಡುಕಿಕೊಂಡು ಹೋಗಿ ಕೂರುತ್ತದೆ. ಜನವರಿಯಲ್ಲಿ ಒಂದು ಬೆಳಗ್ಗೆ ಹೊದಿಕೆ ಎಳೆದರೆ ಬರಲಿಲ್ಲ. ಗೋಡೆಗೆ ಅಂಟಿಕೊಂಡು ಹೆಪ್ಪುಗಟ್ಟಿತ್ತು. ಹಾಸಿಗೆ ಎತ್ತಿ ನೋಡಿದರೆ ಕೆಳಗಿನ ಹಲಗೆ ಪೂರ್ತಿ ಕಪ್ಪು ಬೂಸ್ಟು. ಬೀರುವಿನ ಹಿಂದೆಯೂ ಅದೇ ಕಥೆ. ನನ್ನ ಹೆಂಡತಿಗೆ ಕೆಮ್ಮು ಹಿಡಿದಿದ್ದಕ್ಕೆ ಅಷ್ಟು ದಿನ ಚಳಿಯನ್ನು ಬೈಯುತ್ತಿದ್ದೆವು.

ಮಾಡಬೇಕಾದ್ದು ಕೇಳಿದರೆ ನಗುತ್ತೀರಿ. ಹೊರಗೆ ಮೈನಸ್ 30 ಇದ್ದಾಗಲೂ ಚಾವಣಿಯ ಕಿಂಡಿಯನ್ನು ಬೆರಳಷ್ಟು ತೆರೆದಿಡಬೇಕು. ಅಷ್ಟು ತಣ್ಣಗಿನ ಗಾಳಿಯಲ್ಲಿ ನೀರಿನ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಅದು ಒಳಗೆ ಬಂದು ಬಿಸಿಯಾದರೆ ಒದ್ದೆ ಹೀರಿಕೊಂಡು ಹೊರಗೆ ಹೋಗುತ್ತದೆ. ಒಂದಿಷ್ಟು ಗ್ಯಾಸ್ ದಂಡವಾಗುತ್ತದೆ, ಆಗಲಿ ಬಿಡಿ. ಹಾಸಿಗೆ ಕೆಳಗೆ ಗಾಳಿ ಆಡುವ ಹಾಗೆ ಪಟ್ಟಿಗಳನ್ನು ಹಾಕಿ. ಬೀರು ಬಾಗಿಲು ಓರೆಯಾಗಿ ತೆರೆದಿಡಿ. ಕರೆಂಟ್ ಇದ್ದರೆ ಗಾಳಿಯ ಒದ್ದೆ ಹೀರುವ ಡೀಹ್ಯುಮಿಡಿಫೈಯರ್ ಇಡಿ. ಒಲೆಯನ್ನು ಮಾತ್ರ ಯಾವತ್ತೂ ಹೀಟರ್ ಮಾಡಿಕೊಳ್ಳಬೇಡಿ. ಒದ್ದೆಯದು ಹಾಗಿರಲಿ, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದರ ಅಲಾರಂ ಹೊಸದು ಹಾಕಿಸಿ. ಹಿಮ ಬಿದ್ದಾಗಲೆಲ್ಲ ಫರ್ನೇಸಿನ ಹೊಗೆ ಕಿಂಡಿ ಮುಚ್ಚಿದೆಯಾ ನೋಡಿ.

ನೀರಿನ ಪಾಡು ಚಿಕ್ಕದಾಗಿ ಹೇಳುತ್ತೇನೆ. ಟ್ರೇಲರಿನ ಕೆಳಗೆ ಗಾಳಿ ನುಗ್ಗದ ಹಾಗೆ ಸುತ್ತಲೂ ಫೋಮ್ ಹಲಗೆ ಕಟ್ಟಿ. ನೆಲ ಕಲ್ಲಾಗುವ ಮೊದಲೇ, ಅಕ್ಟೋಬರ್‌ನಲ್ಲೇ ಮುಗಿಸಿ. ಬಿಸಿಯಾಗುವ ಹೋಸ್ ಪೈಪ್ ಬೇಕೇ ಬೇಕು. ಕೊಳೆನೀರಿನ ಟ್ಯಾಂಕಿನ ವಾಲ್ವ್ ಸದಾ ತೆರೆದಿಡಬೇಡಿ. ಸಣ್ಣಗೆ ಹರಿದ ನೀರು ಪೈಪಿನಲ್ಲೇ ಪದರ ಪದರವಾಗಿ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ತುಂಬಿದ ಮೇಲೆ ಒಂದೇ ಸಲ ಬಿಡಿ. ನಾನು ಇದನ್ನು ಹೇರ್ ಡ್ರೈಯರ್ ಹಿಡಿದು ಹಿಮದಲ್ಲಿ ಅಂಗಾತ ಮಲಗಿ ಕಲಿತೆ.

ಒಂದು ಮಾತು ಕೇಳಲಾ? ನಿಮ್ಮ ಮನೆಯವರು ಇದಕ್ಕೆ ಏನಂತಾರೆ? ನಿಮ್ಮ ಪತ್ರದಲ್ಲಿ ಅದೊಂದು ಕಾಣಲಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಆಮೇಲೆ ಇಬ್ಬರಿಗೂ ಇರುವುದು ಒಂದೇ ಕೋಣೆ. ಒಬ್ಬರು ಎದ್ದರೆ ಇನ್ನೊಬ್ಬರು ಕಾಲು ಮಡಚಬೇಕು. ಸಿಟ್ಟು ಬಂದರೆ ಎದ್ದು ಹೋಗಲು ಜಾಗವಿಲ್ಲ. ಫೆಬ್ರವರಿ ಹೊತ್ತಿಗೆ ನಾವಿಬ್ಬರೂ ಬೂಟು ಎಲ್ಲಿಡಬೇಕು ಅನ್ನುವುದಕ್ಕೇ ಎರಡು ದಿನ ಮಾತು ಬಿಟ್ಟಿದ್ದೆವು.

ನನ್ನ ಅಭಿಪ್ರಾಯ ಕೇಳಿದರೆ, ಈ ಚಳಿಗಾಲಕ್ಕೆ ಯಾರದಾದರೂ ಮನೆಯಲ್ಲಿ ಒಂದು ರೂಮು ಹಿಡಿಯಿರಿ. ಟ್ರೇಲರ್ ಬೇಕೇ ಅನಿಸಿದರೆ ವಸಂತದಲ್ಲಿ ಕೊಂಡು ಬೇಸಿಗೆಯಿಡೀ ಅದರಲ್ಲಿದ್ದು ನೋಡಿ. ಎಲ್ಲಿ ಸೋರುತ್ತದೆ, ಎಲ್ಲಿ ಗಾಳಿ ನುಗ್ಗುತ್ತದೆ ಅನ್ನುವುದು ಗೊತ್ತಾಗುತ್ತದೆ. ಇಲ್ಲ, ಈಗಲೇ ಕೊಳ್ಳುತ್ತೇವೆ ಅಂದರೆ ಇಬ್ಬರೂ ಒಟ್ಟಿಗೆ ಹೋಗಿ ನೋಡಿ. ಮೇಲೆ ಅಂಟಿಸಿದ 'ನಾಲ್ಕೂ ಕಾಲಕ್ಕೆ' ಅನ್ನೋ ಸ್ಟಿಕ್ಕರ್ ನಂಬಬೇಡಿ. ಟಾರ್ಚ್ ಜೊತೆಗಿರಲಿ. ಮೊದಲು ಹಾಸಿಗೆ ಎತ್ತಿ ಮೂಲೆ ನೋಡಿ. ಹಲಗೆ ಕಪ್ಪಾಗಿದ್ದರೆ ಚೌಕಾಸಿಗೂ ನಿಲ್ಲಬೇಡಿ, ಸುಮ್ನೆ ವಾಪಸ್ ಬನ್ನಿ.