ಎರಡನೇ ಕ್ಲಾಸಿನ ಮಗನಿಗೆ ಡಿಸ್ಲೆಕ್ಸಿಯಾ ಇರಬಹುದಾ? ಹೇಗೆ ಗುರುತಿಸುವುದು?

ಮಗ 2ನೇ ಕ್ಲಾಸು, ಇಂಗ್ಲಿಷಿನ ಬಿ ಮತ್ತು ಡಿ ತಿರುಗಿಸಿ ಬರೆಯುತ್ತಾನೆ, ಓದೋಕೆ ಕೂರಿಸಿದರೆ ಅಳುತ್ತಾನೆ, ಇದು ಡಿಸ್ಲೆಕ್ಸಿಯಾನಾ, ಅಂದರೆ ಓದು ಬರಹ ಕಲಿಯೋಕೆ ಕಷ್ಟವಾಗುವ ತೊಂದರೆನಾ ಅಂತ ಕೇಳಿದ್ದೀರಿ. ನಾನು ಹದಿನಾರು ವರ್ಷದಿಂದ 1ರಿಂದ 4ನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಇದೆ ಅಥವಾ ಇಲ್ಲ ಅಂತ ತೀರ್ಮಾನ ಹೇಳುವುದು ಪರೀಕ್ಷೆ ಮಾಡುವ ತಜ್ಞರ ಕೆಲಸ. ಆದರೆ ಅಲ್ಲಿಗೆ ಹೋಗುವ ಮೊದಲು ಮನೆಯಲ್ಲಿ ಏನು ನೋಡಬೇಕು ಅನ್ನುವುದನ್ನು ಹೇಳಬಲ್ಲೆ.

ಮೊದಲು ಆ ಬಿ, ಡಿ ವಿಷಯ. ಅದೊಂದನ್ನೇ ಹಿಡಿದುಕೊಂಡು ಹೆದರಬೇಡಿ. ಚಮಚವನ್ನು ಯಾವ ಕಡೆ ತಿರುಗಿಸಿಟ್ಟರೂ ಅದು ಚಮಚವೇ, ಆದರೆ ಅಕ್ಷರ ತಿರುಗಿದರೆ ಬೇರೆಯೇ ಅಕ್ಷರ ಆಗಿಬಿಡುತ್ತದೆ ಅನ್ನುವುದು ಚಿಕ್ಕ ಮಗುವಿಗೆ ಹೊಸ ವಿಷಯ ಅಲ್ವಾ? ಸುಮಾರು ಏಳು ವರ್ಷದವರೆಗೂ ತುಂಬಾ ಮಕ್ಕಳು ಹೀಗೆ ಬರೆಯುತ್ತಾರೆ. ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳು ಅಕ್ಷರ ತಿರುಗಿಸುವುದೇ ಇಲ್ಲ. ತೊಂದರೆ ಇರುವುದು ಕಣ್ಣಲ್ಲಲ್ಲ. ಮಾತನ್ನು ಸಣ್ಣ ಸಣ್ಣ ಶಬ್ದಗಳಾಗಿ ಬಿಡಿಸಿ, ಆ ಶಬ್ದಗಳನ್ನು ಅಕ್ಷರಕ್ಕೆ ಜೋಡಿಸುವ ಕೆಲಸ ಮಿದುಳಿಗೆ ಕಷ್ಟವಾಗುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ನನಗೆ ಇದು ಅರ್ಥವಾಗಿದ್ದು ಒಬ್ಬಳು ಹುಡುಗಿಯಿಂದ. ಮೂರನೇ ಕ್ಲಾಸು. ಕಥೆ ಹೇಳಿದರೆ ನಾನು ಮರೆತ ಸಣ್ಣ ವಿವರವನ್ನೂ ನೆನಪಿಟ್ಟು ತಿರುಗಿ ಹೇಳುತ್ತಿದ್ದಳು. ಪಾಠವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಒಂದು ದಿನ ನೋಡಿದರೆ, ಪುಟ ಮುಗಿದಿದೆ, ಅವಳು ಹಾಳೆ ತಿರುಗಿಸಿಲ್ಲ, ಆದರೂ ಮುಂದಿನ ಪುಟದ ವಾಕ್ಯ ಹೇಳುತ್ತಿದ್ದಾಳೆ! ಪಕ್ಕದವರು ಓದುವುದನ್ನು ಕೇಳಿ ಇಡೀ ಪಾಠ ಬಾಯಿಪಾಠ ಮಾಡಿಕೊಂಡಿದ್ದಳು. ಅಷ್ಟು ಜಾಣ ಮಗುವಿನ ಪ್ರೋಗ್ರೆಸ್ ಕಾರ್ಡಿನಲ್ಲಿ ಎರಡು ಸಲ ನಾನು 'ಇನ್ನೂ ಗಮನ ಕೊಡಬೇಕು' ಅಂತ ಬರೆದಿದ್ದೆ. ಅದು ಇವತ್ತಿಗೂ ಮನಸ್ಸಿಗೆ ನೋವು ಕೊಡುತ್ತದೆ. ಸುಮ್ನೆ ಕೂರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೀಗೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಾರೆ.

ಹಾಗಾಗಿ ನಾನು ಮೊದಲು ನೋಡುವುದು ಅಂತರವನ್ನು. ಮಗು ಕಿವಿಯಿಂದ ಕೇಳಿದಾಗ ಎಷ್ಟು ಅರ್ಥವಾಗುತ್ತದೆ, ಅದನ್ನೇ ತಾನೇ ಓದಿದಾಗ ಎಷ್ಟು ಅರ್ಥವಾಗುತ್ತದೆ? ಒಂದು ಪುಟ ನೀವು ಓದಿ ಹೇಳಿ, ಪ್ರಶ್ನೆ ಕೇಳಿ. ಅಷ್ಟೇ ಸುಲಭದ ಇನ್ನೊಂದು ಪುಟ ಅವನೇ ಓದಲಿ, ಮತ್ತೆ ಪ್ರಶ್ನೆ ಕೇಳಿ. ಮೊದಲನೆಯದಕ್ಕೆ ಪಟಪಟ ಉತ್ತರ, ಎರಡನೆಯದಕ್ಕೆ ಮೌನ, ಇದು ದಿನವೂ ನಡೆಯುತ್ತಿದ್ದರೆ ಗಮನಿಸಬೇಕಾದ ವಿಷಯ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದರು. ಲೆಕ್ಕದಲ್ಲಿ ಚುರುಕು, ಆದರೆ ತನ್ನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ ಬರೆಯುತ್ತಿದ್ದ. ಪಾಠವೆಲ್ಲ ಬರೀ ಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಅವನೇ ಜಾಣ ಅಂತ ಅವನ ಮೇಷ್ಟ್ರು ಹೇಳಿದ್ದರಂತೆ. ಇಷ್ಟು ವರ್ಷವಾದರೂ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಆಮೇಲೆ ತಪ್ಪು ಎಷ್ಟು ಅನ್ನುವುದಕ್ಕಿಂತ ಹೇಗೆ ತಪ್ಪುತ್ತಾನೆ ಅಂತ ನೋಡಿ. ಮೊದಲ ಸಾಲಿನಲ್ಲಿ ಕಷ್ಟಪಟ್ಟು ಓದಿದ ಪದ ಮೂರನೇ ಸಾಲಿನಲ್ಲಿ ಮತ್ತೆ ಬಂದಾಗ ಹೊಸದಾಗಿ ನೋಡಿದಂತೆ ನಿಲ್ಲುತ್ತಾನಾ? ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾನಾ, 'ಕಾಗದ' ಇದ್ದರೆ 'ಕಾಗೆ' ಅಂತ? ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ಥರ ಬರೆಯುತ್ತಾನಾ? ಬೋರ್ಡಿನಿಂದ ಬರೆದುಕೊಳ್ಳುವಾಗ ಒಂದೊಂದು ಅಕ್ಷರಕ್ಕೂ ತಲೆ ಎತ್ತುತ್ತಾನಾ? ಒತ್ತಕ್ಷರ ಬಿಡುವುದು, ದೀರ್ಘ ಮರೆಯುವುದು, ದ ಧ ಬ ಭ ಗೊಂದಲ, ಇವು ಎರಡನೇ ಕ್ಲಾಸಿನಲ್ಲಿ ಎಲ್ಲ ಮಕ್ಕಳಲ್ಲೂ ಇರುತ್ತವೆ. ಕಾಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಹತ್ತೋಕೆ ಮೂರು ನಾಲ್ಕನೇ ಕ್ಲಾಸು ಆಗುತ್ತದೆ. ಜೊತೆಯವರ ತಪ್ಪು ಕಡಿಮೆಯಾಗುತ್ತಾ ಹೋಗಿ ಇವನದು ಮಾತ್ರ ಹಾಗೇ ಉಳಿದರೆ ಆಗ ಯೋಚಿಸಬೇಕು.

ಇನ್ನು ಪುಸ್ತಕವೇ ಬೇಡದ ಒಂದು ಆಟ. 'ಅರಮನೆ'ಯಲ್ಲಿ 'ಅರ' ತೆಗೆದರೆ ಏನುಳಿಯುತ್ತದೆ? 'ಕಿಟಕಿ'ಯಲ್ಲಿ ನಡುವಿನ 'ಟ' ತೆಗೆದರೆ? ಆಮೇಲೆ ಅರ್ಥವೇ ಇಲ್ಲದ ಪದ ಬರೆದುಕೊಡಿ, 'ಲಪಗಿ', 'ಟೊಮುನ' ಅಂತ ಏನಾದರೂ. ಪದದ ಆಕಾರ ನೆನಪಿಟ್ಟುಕೊಂಡು ಓದುವ ಮಗು ಇಲ್ಲಿ ಸಿಕ್ಕಿಬೀಳುತ್ತದೆ, ಯಾಕೆಂದರೆ ಈ ಪದವನ್ನು ಅದು ಎಂದೂ ನೋಡಿಲ್ಲ. ಪರೀಕ್ಷೆ ಅಂತ ಮಾಡಬೇಡಿ, ನಗುನಗುತ್ತಾ ಮಾಡಿ. ವಾರದ ದಿನಗಳು, ತಿಂಗಳ ಹೆಸರು ಸಾಲಾಗಿ ಹೇಳೋಕೆ ತಡವರಿಸುವುದು, ಚೆನ್ನಾಗಿ ಗೊತ್ತಿರುವ ವಸ್ತುವಿನ ಹೆಸರು ತಟ್ಟನೆ ಬಾಯಿಗೆ ಬರದಿರುವುದು, ಇವೂ ಜೊತೆಗೆ ಕಾಣಿಸಬಹುದು.

ಕನ್ನಡ, ಇಂಗ್ಲಿಷ್ ಎರಡನ್ನೂ ಓದಿಸಿ ನೋಡಿ, ಇದು ಮುಖ್ಯ. ಇಂಗ್ಲಿಷ್ ಮಾತ್ರ ಬರುವುದಿಲ್ಲ, ಕನ್ನಡವನ್ನು ಸರಾಗವಾಗಿ ಓದುತ್ತಾನೆ ಅಂದರೆ, ಆ ಭಾಷೆ ಅವನ ಕಿವಿಗೆ ಸಾಕಷ್ಟು ಬಿದ್ದಿಲ್ಲದೇ ಇರಬಹುದು. ಆದರೆ ಇಲ್ಲೊಂದು ಮೋಸವೂ ಇದೆ. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಡಿಸ್ಲೆಕ್ಸಿಯಾ ಇರುವ ಮಗುವೂ ನಿಧಾನವಾಗಿ ಕೂಡಿಸಿ ಕೂಡಿಸಿ ಸರಿಯಾಗಿಯೇ ಓದಿಬಿಡಬಹುದು. ನಾವು 'ಓದುತ್ತಾನಲ್ಲ' ಅಂತ ಸಮಾಧಾನಪಟ್ಟುಕೊಳ್ಳುತ್ತೇವೆ. ಅಲ್ಲಿ ತಪ್ಪನ್ನಲ್ಲ, ವೇಗವನ್ನು ನೋಡಬೇಕು. ಸಾಲು ಮುಗಿಯುವಷ್ಟರಲ್ಲಿ ಶುರು ಮರೆತುಹೋಗುತ್ತದಾ?

ಅಳುತ್ತಾನೆ ಅಂದಿರಲ್ಲ, ಅದನ್ನು ಹಟ ಅಂದುಕೊಳ್ಳಬೇಡಿ. ಓದುವ ಸರದಿ ಬರುವಾಗ ಸರಿಯಾಗಿ ಟಾಯ್ಲೆಟ್‌ಗೆ ಹೋಗುವುದು, ಸ್ಕೂಲಿಗೆ ಹೊರಡುವಾಗ ಮಾತ್ರ ಹೊಟ್ಟೆನೋವು, ಕ್ಲಾಸಿನಲ್ಲಿ ಎಲ್ಲರನ್ನೂ ನಗಿಸುತ್ತಾ ಕೂರುವುದು, ಇದೆಲ್ಲ ಮಗು ತನ್ನ ಮಾನ ಉಳಿಸಿಕೊಳ್ಳುವ ದಾರಿ. 'ಸೋಮಾರಿ' ಅನ್ನುವ ಮಾತನ್ನು ದಯವಿಟ್ಟು ಮನೆಯಲ್ಲಿ ಯಾರೂ ಆಡದಂತೆ ನೋಡಿಕೊಳ್ಳಿ. ಆ ಮಗು ಬೇರೆಯವರ ಎರಡರಷ್ಟು ದುಡಿಯುತ್ತಿರುತ್ತದೆ.

ಈಗ ಏನು ಮಾಡಬೇಕು? ಮೊದಲು ಕಣ್ಣು, ಕಿವಿ ತೋರಿಸಿ, ಆ ಅನುಮಾನ ಮುಗಿಸಿ. ನಿಮ್ಮಲ್ಲಿ, ನಿಮ್ಮ ಮನೆಯವರಲ್ಲಿ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಓದು ಹೀಗೇ ಕಷ್ಟವಾಗಿತ್ತಾ ಕೇಳಿ, ಇದು ಕುಟುಂಬದಲ್ಲಿ ಹರಿದು ಬರುವುದು ಜಾಸ್ತಿ. ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಖಚಿತವಾಗಿ ಹೆಸರಿಡುವ ಮುನ್ನ ತಜ್ಞರು ಸಾಮಾನ್ಯವಾಗಿ, ಸರಿಯಾದ ಸಹಾಯ ಕೊಟ್ಟ ಮೇಲೂ ತೊಂದರೆ ಕನಿಷ್ಠ 6 ತಿಂಗಳು ಉಳಿದಿದೆಯಾ ಅಂತ ನೋಡುತ್ತಾರೆ. ಅಂದರೆ ಸಹಾಯ ಇವತ್ತೇ ಶುರುವಾಗಬೇಕು, ರಿಪೋರ್ಟ್ ಬರುವವರೆಗೆ ಕಾಯಬಾರದು. ಶಬ್ದ ಮತ್ತು ಅಕ್ಷರದ ಜೋಡಣೆಯನ್ನು ಹಂತಹಂತವಾಗಿ, ದಿನಾ ಸ್ವಲ್ಪ ಸ್ವಲ್ಪ ಕಲಿಸಿ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಅಂತ ಯಾರಾದರೂ ಹೇಳಿದರೆ ದುಡ್ಡು ಹಾಕಬೇಡಿ. ಇವುಗಳಿಗೆ ಆಧಾರವಿಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ.

ಹಾಂ, ಹಳೆಯ ನೋಟ್‌ಬುಕ್‌ಗಳನ್ನು ಎಸೆಯಬೇಡಿ. ಹೋದ ವರ್ಷದ್ದು, ಈ ವರ್ಷದ್ದು, ಟೀಚರ್ ತಿದ್ದಿದ್ದು, ತಿದ್ದದೇ ಬಿಟ್ಟಿದ್ದು, ಎಲ್ಲ ಒಂದು ಚೀಲಕ್ಕೆ ಹಾಕಿಡಿ. ಪರೀಕ್ಷೆಗೆ ಹೋಗುವಾಗ ಅದನ್ನು ಜೊತೆಗೆ ತೆಗೆದುಕೊಂಡು ಹೋಗಿ.