ಯುದ್ಧನೌಕೆ ಖುಕ್ರಿಯ ನಾವಿಕರನ್ನು ಮಡಿಕೇರಿಯಲ್ಲೇ ನೆನೆದರೆ ಸಾಕೇ, ಗುಜರಾತ್ ಕರಾವಳಿಯ ದೀವ್‌ಗೆ ಹೋಗಬೇಕೇ?

ಮಡಿಕೇರಿಯ ಸನ್ನಿಸೈಡ್‌ನಲ್ಲಿರುವ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಯುದ್ಧ ಸ್ಮಾರಕಕ್ಕೆ ಹೂವಿಟ್ಟು ನಮಿಸಿದರೂ ಆ ಗೌರವ ಖಂಡಿತ ಸಲ್ಲುತ್ತದೆ. ಯೋಧರ ಮನೆಗಳೇ ತುಂಬಿರುವ ಕೊಡಗಿನಲ್ಲಿ ಅದು ಸಹಜವೂ ಹೌದು. ಆದರೆ 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹಾರಿಸಿದ ಟಾರ್ಪೆಡೊ ತಗುಲಿ ಅರಬ್ಬೀ ಸಮುದ್ರದಲ್ಲಿ ಮುಳುಗಿದ ಐಎನ್‌ಎಸ್ ಖುಕ್ರಿಯ ಹಡಗನ್ನು ಬಿಟ್ಟು ಬರಲೊಪ್ಪದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳಿಗೂ 176 ನಾವಿಕರಿಗೂ ಕಡಲೇ ಸಮಾಧಿ. ಆದ್ದರಿಂದ ಸಾಧ್ಯವಿರುವವರು ಒಮ್ಮೆಯಾದರೂ ದೀವ್‌ಗೆ ಹೋಗಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ: ಅಲ್ಲಿ ಕಡಲಂಚಿನ ದಿಬ್ಬದ ಮೇಲೆ, ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿಯಿದೆ, ಎದುರಿಗಿರುವುದು ಅವರು ಮುಳುಗಿದ ಅದೇ ಸಮುದ್ರ. ಹುತಾತ್ಮರ ಹೆಸರುಗಳನ್ನು ಓದಬಯಸುವವರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗಚಕ್ರದ ಗ್ರಾನೈಟ್ ಗೋಡೆಗಳನ್ನು ನೋಡಬೇಕು.