ಬ್ರೋಮಿನ್ ನೀರಿನ ಬಣ್ಣ ಹೋಗುವ ಸಮಯ ನೋಡಿ ಆಲ್ಕೀನ್‌ಗಳು (ಕಾರ್ಬನ್-ಕಾರ್ಬನ್ ದ್ವಿಬಂಧ ಇರುವ ಸಂಯುಕ್ತಗಳು) ಬ್ರೋಮಿನ್ ಜೊತೆ ವರ್ತಿಸುವ ವೇಗ ಹೋಲಿಸಬಹುದೇ? ಬ್ರೋಮಿನ್ ನೀರು ಒಳ್ಳೆಯದಾ, ಪರ್ಮಾಂಗನೇಟಾ? ಬಿಎಸ್ಸಿ ಪ್ರಾಜೆಕ್ಟ್‌ಗೆ ಬೇಕು

ಬೇಡ. ದಯವಿಟ್ಟು ಬೇಡ. ನಾನು ಕೊನೆಯ ವರ್ಷದಲ್ಲಿ ಮಾಡಿದ್ದು ಇದೇ ಪ್ರಾಜೆಕ್ಟ್.

ಎರಡು ಟೆಸ್ಟ್ ಟ್ಯೂಬ್, ಎರಡರಲ್ಲೂ 5 ಎಂಎಲ್ ಬ್ರೋಮಿನ್ ನೀರು. ಒಂದಕ್ಕೆ ಹತ್ತು ಹನಿ ಅಲೈಲ್ ಆಲ್ಕೋಹಾಲ್, ಇನ್ನೊಂದಕ್ಕೆ ಹತ್ತು ಹನಿ ಸೈಕ್ಲೋಹೆಕ್ಸೀನ್. ಎರಡರಲ್ಲೂ ದ್ವಿಬಂಧ ಇದೆ, ಮೊದಲನೆಯದರಲ್ಲಿ ಜೊತೆಗೆ ಒಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪೂ ಇದೆ. ನನ್ನ ಗೆಳತಿ ಕುಲುಕುತ್ತಿದ್ದಳು, ನಾನು ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಅಲೈಲ್ ಆಲ್ಕೋಹಾಲ್ ಹಾಕಿದ ಕೂಡಲೇ ಬಣ್ಣ ಮಾಯ. ಸೈಕ್ಲೋಹೆಕ್ಸೀನ್‌ಗೆ ಹತ್ತಿರ ಹತ್ತಿರ 40 ಸೆಕೆಂಡ್. ಮೂರು ಸಲ ಮಾಡಿ, ಸರಾಸರಿ ತೆಗೆದು, ಚಂದದ ಗ್ರಾಫ್ ಹಾಕಿ, 'ಒಎಚ್ ಗುಂಪು ಇದ್ದರೆ ಸಂಕಲನ ಕ್ರಿಯೆ (ದ್ವಿಬಂಧಕ್ಕೆ ಬ್ರೋಮಿನ್ ಸೇರುವುದು) ವೇಗವಾಗುತ್ತದೆ' ಅಂತ ಬರೆದೆ.

ವೈವಾದಲ್ಲಿ ಎಕ್ಸ್‌ಟರ್ನಲ್ (ಹೊರಗಿನಿಂದ ಬಂದ ಪರೀಕ್ಷಕರು) ಆ ಗ್ರಾಫ್ ನೋಡಿ ಏನೂ ಹೇಳಲಿಲ್ಲ. ಬ್ರೋಮಿನ್ ನೀರಿಗೆ ಸೈಕ್ಲೋಹೆಕ್ಸೀನ್ ಹಾಕಿಸಿ, ಟ್ಯೂಬನ್ನು ಕಿಟಕಿಗೆ ಹಿಡಿದು, 'ಎಷ್ಟು ಪದರ ಇದೆಯಮ್ಮ?' ಅಂದರು. ಎರಡು. ಬಿರಡೆ ಹಾಕಿ ತಾವೇ ಜೋರಾಗಿ ಕುಲುಕಿದರು. ಹತ್ತು ಸೆಕೆಂಡೂ ಆಗಲಿಲ್ಲ, ಬಣ್ಣ ಹೋಯಿತು. 'ಹಾಗಾದರೆ ನೀನು ಅಳೆದದ್ದು ಏನನ್ನ?'

ನಾನು ಅಳೆದದ್ದು ಗೆಳತಿಯ ಕೈಯ ವೇಗವನ್ನ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಪ್ಪು ಇಲ್ಲೇ ಆಗುವುದು. ಅಲೈಲ್ ಆಲ್ಕೋಹಾಲ್ ನೀರಿನಲ್ಲಿ ಎಷ್ಟು ಹಾಕಿದರೂ ಬೆರೆಯುತ್ತದೆ. ಸೈಕ್ಲೋಹೆಕ್ಸೀನ್ ಒಂದು ಲೀಟರ್ ನೀರಿಗೆ ಸುಮಾರು ಕಾಲು ಗ್ರಾಂ ಕರಗಿದರೆ ಹೆಚ್ಚು. ಉಳಿದದ್ದು ಎಣ್ಣೆಯ ಹಾಗೆ ಮೇಲೆ ತೇಲುತ್ತದೆ. ಬ್ರೋಮಿನ್ ಸಿಕ್ಕಿದರೆ ಅದು ಕ್ಷಣದಲ್ಲಿ ವರ್ತಿಸುತ್ತದೆ, ಆದರೆ ಬ್ರೋಮಿನ್ ಸಿಗಬೇಕಲ್ಲ! ಆ 40 ಸೆಕೆಂಡ್ ಬ್ರೋಮಿನ್ ಕೆಳಗಿನ ಪದರದಿಂದ ಮೇಲಕ್ಕೆ ದಾಟಲು ಹಿಡಿದ ಸಮಯ. ಇನ್ನೂ ಒಂದಿದೆ. ದ್ವಿಬಂಧವೇ ಇಲ್ಲದ ಹೆಕ್ಸೇನ್ ಹಾಕಿ ಕುಲುಕಿದರೂ ಕೆಳಗಿನ ನೀರು ತಿಳಿಯಾಗುತ್ತದೆ, ಬ್ರೋಮಿನ್ ಸುಮ್ನೆ ಮೇಲಿನ ಪದರಕ್ಕೆ ಹೋಗಿ ಕೂರುತ್ತದೆ. ನೀರಿನ ಬಣ್ಣ ಹೋಯಿತು ಅಂದ ಮಾತ್ರಕ್ಕೆ ಕ್ರಿಯೆ ನಡೆಯಿತು ಅಂತಲ್ಲ.

ನಿಜ ನನ್ನ ತೀರ್ಮಾನಕ್ಕೆ ಪೂರ್ತಿ ಉಲ್ಟಾ. ಬ್ರೋಮಿನ್‌ಗೆ ಬೇಕಿರುವುದು ಎಲೆಕ್ಟ್ರಾನು. ಅಲೈಲ್ ಆಲ್ಕೋಹಾಲ್‌ನ ಆಕ್ಸಿಜನ್ ದ್ವಿಬಂಧದಿಂದ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಸೈಕ್ಲೋಹೆಕ್ಸೀನ್‌ನಲ್ಲಿ ಎರಡೂ ಕಡೆಯ ಕಾರ್ಬನ್ನುಗಳು ದ್ವಿಬಂಧದತ್ತ ತಳ್ಳುತ್ತವೆ. ಎರಡನ್ನೂ ಒಂದೇ ದ್ರಾವಕದಲ್ಲಿ ಕರಗಿಸಿದ್ದರೆ ಸೈಕ್ಲೋಹೆಕ್ಸೀನ್ ಮುಂದೆ ಇರುತ್ತಿತ್ತು. ಆ ಪ್ರಾಜೆಕ್ಟ್‌ಗೆ 100ಕ್ಕೆ 48 ಬಂತು. ಎಂಎಸ್ಸಿ ಸೀಟು ಒಂದು ವರ್ಷ ಮುಂದೆ ಹೋಯಿತು.

ಬ್ರೋಮಿನ್ ನೀರಾ, ಪರ್ಮಾಂಗನೇಟಾ ಅಂತಲೂ ಕೇಳಿದ್ದೀರಿ. ಎರಡೂ ಬೇಡ. ಅವು ದ್ವಿಬಂಧ ಇದೆಯೋ ಇಲ್ಲವೋ ನೋಡುವ ಪರೀಕ್ಷೆಗಳು, ವೇಗ ಅಳೆಯಲು ಅಲ್ಲ. ಮೆಥನಾಲ್‌ನಲ್ಲಿ ಬ್ರೋಮಿನ್ ಸೇರುವ ವೇಗ ಎಥೀನ್‌ಗೆ 1 ಅಂದರೆ ಪ್ರೊಪೀನ್‌ಗೆ ಸುಮಾರು 60, 2-ಮೀಥೈಲ್‌ಪ್ರೊಪೀನ್‌ಗೆ 5,000ಕ್ಕೂ ಜಾಸ್ತಿ, ನಾಲ್ಕು ಮೀಥೈಲ್ ಇರುವ ಆಲ್ಕೀನ್‌ಗೆ ಸುಮಾರು 9 ಲಕ್ಷ. ಈ ಅಂತರವನ್ನು ಕಣ್ಣು, ಬೆರಳು ಹಿಡಿಯಲಾರವು.

ಕಾಲೇಜಿನಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ (ಮಿಶ್ರಣದಲ್ಲಿ ಯಾವುದು ಎಷ್ಟಿದೆ ಅಂತ ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದರೆ ಎರಡು ಆಲ್ಕೀನ್‌ಗಳನ್ನು ಒಂದೇ ಫ್ಲಾಸ್ಕಿನಲ್ಲಿ ಕರಗಿಸಿ, ಚೆನ್ನಾಗಿ ಕಲಕುತ್ತಾ ಸ್ವಲ್ಪವೇ ಬ್ರೋಮಿನ್ ಹಾಕಿ. ಯಾವುದು ಎಷ್ಟು ಉಳಿಯಿತು ಅಂತ ನೋಡಿದರೆ ಯಾರು ಮುಂದೆ ಅಂತ ತಿಳಿಯುತ್ತದೆ. ಇಲ್ಲದಿದ್ದರೆ ನಾನಂತೂ ನಿಧಾನವಾಗಿ ವರ್ತಿಸುವುದನ್ನೇ ಆರಿಸುತ್ತೇನೆ, ಸಿನ್ನಮಿಕ್ ಆಮ್ಲದಂಥದ್ದು. ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಬ್ರೋಮಿನ್ ಸೇರಿಸಿ, ಆಗಾಗ ಪಿಪೆಟ್‌ನಲ್ಲಿ ತೆಗೆದು ಪೊಟ್ಯಾಸಿಯಂ ಅಯೊಡೈಡ್‌ಗೆ ಬಿಟ್ಟು, ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ, ಆಗ ಎಷ್ಟು ಬ್ರೋಮಿನ್ ಉಳಿದಿದೆ ಅಂತ ಲೆಕ್ಕ ಸಿಗುತ್ತದೆ. ಫ್ಲಾಸ್ಕಿಗೆ ಕಪ್ಪು ಕಾಗದ ಸುತ್ತಿ, ಬೆಳಕು ಬಿದ್ದರೆ ಬೇರೆ ದಾರಿಯ ಕ್ರಿಯೆ ಶುರುವಾಗುತ್ತದೆ. ಎಲ್ಲವನ್ನೂ ಫ್ಯೂಮ್ ಹುಡ್ ಒಳಗೇ ಮಾಡಿ. ಬ್ರೋಮಿನ್ ಬಾಟಲಿ ತೆರೆಯುವ ಮೊದಲೇ ಥಯೋಸಲ್ಫೇಟ್ ದ್ರಾವಣ ಒಂದು ಬೀಕರ್ ತುಂಬ ಪಕ್ಕದಲ್ಲಿರಲಿ, ಚೆಲ್ಲಿದರೆ ತಕ್ಷಣ ಸುರಿಯಲು.